ನಾಲ್ಕನೆಯ ನಂಬರಿನ ಮ್ಯಾಗಜಿನ್

ರಾಯಬಾಗ ಸ್ಟೇಷನ್ನಿನಲ್ಲಿ ಮೀರಜಿನ ಕಡೆಗೆ ಹೋಗುವ ಗಾಡಿಗೆ ಕಾಯುತ್ತ ಕರಿ ಬಣ್ಣದ ತಗಡಿನ ಪೆಟ್ಟಿಗೆಯ ಮೇಲೆ ಕೂತ ಹುಡುಗರನ್ನು ನೋಡದೆ ನಮ್ಮ ಕಡೆ ಯಾರೂ ಬೆಳೆದಿಲ್ಲ. ಚಿಕ್ಕೋಡಿ, ಅಥಣಿ ಹಳೆಯ ತಾಲೂಕುಗಳು. ನಿಪ್ಪಾಣಿ, ಕಾಗವಾಡ ಮೊನ್ನೆ ಮೊನ್ನೆ ತಾಲೂಕಾದವು. ಹುಡುಗರು ಪಲ್ಟಣಕ್ಕೆ ಹೋಗುವುದು ಮಾತ್ರ ತಾಲೂಕುಗಳಿಗಿಂತ ಹಳೆಯ ಪದ್ಧತಿ. ಗಡಿಯ ಆಚೆ, ಶಿರೋಳ ತಾಲೂಕಿನ ಟಾಕಳಿಗೆ ಜನ 'ಸೈನಿಕ ಟಾಕಳಿ' ಎಂದೇ ಕರೆಯುತ್ತಾರೆ. ನಮ್ಮೂರಿಗೆ ಅಂಥ ಬಿರುದಿಲ್ಲ. ಮನೆಮನೆಯ ಪಡಸಾಲೆಯಲ್ಲಿ ಸಮವಸ್ತ್ರದ ಫೋಟೊ ಇದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಿಂದಲೂ ಇರುವಾಗ ಅದು ಆಶ್ಚರ್ಯವೇನಲ್ಲ.

ನಾನು ಕನ್ನಡ ಶಾಲೆಯ ಮಾಸ್ತರ, ಬಂದೂಕಿನ ವಿಷಯದಲ್ಲಿ ಒಂದನೇ ಇಯತ್ತೆಯೂ ಪಾಸಾಗದವನು. ಹೆಂಡತಿಯ ಅಣ್ಣ 24 ವರ್ಷ ದುಡಿದು ಹವಾಲ್ದಾರನಾಗಿ ಬಂದವರು. ನನ್ನ ಮಗ ತರಬೇತಿ ಮುಗಿಸಿ, ಪಲ್ಟಣ ಸೇರುವ ಮೊದಲು ಹದಿನೈದು ದಿನ ರಜೆಯ ಮೇಲೆ ಬಂದಿದ್ದ. ಹೊರಡುವ ಹಿಂದಿನ ಸಂಜೆ ಇಬ್ಬರೂ ಪಡಸಾಲೆಯಲ್ಲಿ ಕೂತು ಆಡಿದ ಮಾತು ಇದು. ನಾನು ಚಹಾ ಕುಡಿಯುತ್ತ ಕೇಳಿದೆ, ರಾತ್ರಿ ಬರೆದಿಟ್ಟೆ.

— ಮಾಮಾ, ಒಂದ ಮಾತ ಕೇಳ್ತೇನಿ, ನಗಬ್ಯಾಡ್ರಿ. ರೈಫಲ್ಲಿಗೆ ಖಾತ್ರಿ ಮ್ಯಾಗಜಿನ್ ಯಾವುದು? ಅಂದ್ರ, ಯಾವುದನ್ನ ನಂಬಬೇಕು?

(ಉತ್ತರ ಬಂದದ್ದು ಅಡುಗೆಮನೆಯಿಂದ: "ಮ್ಯಾಗಜಿನ್ ಬೇಕಾದ್ರ ಅಟ್ಟದ ಮ್ಯಾಲ ನಿಮ್ಮಪ್ಪನ ಹಳೇ ಕಸ್ತೂರಿ ಗಂಟು ಐತಿ, ಒಯ್ಯಿ, ಜಾಗಾನಾದ್ರೂ ಖಾಲಿ ಆಗತೈತಿ!" ಇಬ್ಬರೂ ಸೈನಿಕರು ನಕ್ಕರು. ನಾನು ನಗಲಿಲ್ಲ, ಅವು 1960ರ ದಶಕದ ಸಂಚಿಕೆಗಳು. ಆದರೆ ಹೆಂಡತಿಯ ತಪ್ಪು ಅಷ್ಟು ದೊಡ್ಡದಲ್ಲ. ಅರಬ್ಬಿಯಲ್ಲಿ ಮಖಜನ್ ಎಂದರೆ ಉಗ್ರಾಣ. ನಮ್ಮ ಖಜಾನೆ ಅದೇ ಬೇರಿನ ಶಬ್ದ. ಅದು ಇಟಲಿ, ಫ್ರಾನ್ಸು ದಾಟಿ ಇಂಗ್ಲಿಷಿಗೆ ಹೋಗಿ ಮದ್ದುಗುಂಡಿನ ಕೋಣೆಯಾಯಿತು. 1731ರಲ್ಲಿ ಲಂಡನ್ನಿನಲ್ಲಿ 'ಜೆಂಟಲ್‌ಮನ್ಸ್ ಮ್ಯಾಗಜಿನ್' ಹೊರಟಾಗ ಬರಹದ ಉಗ್ರಾಣವೂ ಆಯಿತು. ಹೀಗಾಗಿ ಅಟ್ಟದ ಗಂಟೂ ಖಜಾನೆಯೇ ಎಂದು ನಾನು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.)

— ನೀ ಕೇಳೋದೇ ತಪ್ಪ ಐತಿ ಅಳ್ಯಾ. ಯಾವುದು ಅಂದ್ರ ಯಾವ ಕಂಪನೀದು ಅಂತ ಕೇಳ್ತಿ. ಫೋನ್‌ನ್ಯಾಗ ಅಮೆರಿಕಾದವರದ್ದು ನೋಡಿ ಬಂದಿಯೇನು?

— ನೋಡೇನ್ರಿ. ಅವರು ಅಂಗಡಿಗೆ ಹೋಗ್ತಾರ, ಹತ್ತ ನಮೂನಿ ತರ್ತಾರ, ಕೆಸರಾಗ ಹಾಕ್ತಾರ, ಮ್ಯಾಲ ಗಾಡಿ ಓಡಸ್ತಾರ, ಆಮ್ಯಾಲ ಇದು ಚಲೋ, ಇದು ಬ್ಯಾಡ ಅಂತಾರ.

— ಅವರು ರೊಕ್ಕಾ ಕೊಟ್ಟು ತಗೋತಾರ. ನಿನಗ ಯಾರು ಅಂಗಡಿ ತೋರಸ್ತಾರ? ಕೋತ್‌ನ್ಯಾಗ ಅಂದ್ರ ಹತ್ಯಾರದ ಕೋಣ್ಯಾಗ ಸಾಲಿಗೆ ನಿಲ್ತಿ, ರೈಫಲ್ಲಿನ ನಂಬರ ಹೇಳ್ತಿ, ಸಹಿ ಮಾಡ್ತಿ, ಅವನು ಕೊಟ್ಟಷ್ಟ ಮ್ಯಾಗಜಿನ್ ತಗೊಂಡ ಬರ್ತಿ. ಮದವಿ ಹಂಗ ಅಲ್ಲ ಇದು, ಹುಟ್ಟಿದ ಮನಿ ಇದ್ದಂಗ. ಆರಿಸಿಕೊಳ್ಳಾಕ ಬರಂಗಿಲ್ಲ.

— ಹಂಗಾದ್ರ ನಂದೇನೂ ಕೆಲಸ ಇಲ್ಲೇನ್ರಿ ಅದರಾಗ?

— ಅಲ್ಲೇ ಇರೋದು ಕೆಲಸ. ನಾಕೋ ಐದೋ ಕೊಟ್ಟಿರತಾರ. ಮೊದಲ ಯಾವುದು ರೈಫಲ್ಲಿಗೆ ಹಾಕ್ತಿ, ಯಾವುದು ಪೌಚಿನಾಗ ಕಡೀಕ ಇಡ್ತಿ, ಯಾವುದನ್ನ ಹೊಳ್ಳಿ ಕೊಟ್ಟು 'ಇದು ನನಗ ಬ್ಯಾಡ ಸಾಬ್' ಅಂತಿ, ಅದು ನಿನ್ನ ಆರಿಸೋದು. ಕೂರಿಗಿ ನೋಡಿಯಲ್ಲ?

— ಅಜ್ಜಾ ಇದ್ದಾಗ ನೋಡೇನಿ. ಈಗ ಟ್ರ್ಯಾಕ್ಟರ್ ಕೂರಿಗಿ.

— ಹಳೇದ ನೆನಪ ಮಾಡ್ಕೋ. ಮ್ಯಾಲ ಬಟ್ಟಲು, ಕೆಳಗ ಬಿದಿರಿನ ಕೊಳವಿ. ನಿಮ್ಮಜ್ಜಿ ಹಿಂದ ನಡಕೋತ ಮುಷ್ಟಿಲೆ ಜ್ವಾಳಾ ಬಿಡ್ತಿದ್ಲು. ಒಂದು ಕೊಳವ್ಯಾಗ ಮಣ್ಣ ಹೊಕ್ಕಿತಂದ್ರ ಬಿತ್ತೋರಿಗೆ ತಿಳಿಯಂಗಿಲ್ಲ. ಎತ್ತ ನಡೀತಾವ, ಕುಂಟಿ ನಡೀತೈತಿ, ಎಲ್ಲಾ ಸರಿ ಕಾಣತೈತಿ. ಎಂಟ ದಿನಾ ಬಿಟ್ಟು ಹೊಲಕ್ಕ ಹೋದ್ರ ಒಂದು ಸಾಲ ಬರೇ ಮಣ್ಣು. ಮ್ಯಾಗಜಿನ್ ಅಂದ್ರ ಆ ಬಟ್ಟಲಾ. ರೈಫಲ್ಲು ಎಷ್ಟ ಚಲೋ ಇದ್ರೂ ಅದಕ ಕಾಳು ಹಾಕೋ ಕೈ ಸರಿ ಇರಬೇಕು.

— ರೈಫಲ್ಲಿನಾಗ ಎಂಟ ದಿನಾ ಟೈಮ್ ಸಿಗಂಗಿಲ್ರಿ.

— ಅದಕ ಮೊದಲ ನೋಡಬೇಕು ಅನ್ನೋದು. ಸೆಮಿ ಆಟೋಮ್ಯಾಟಿಕ್ ಅಂತೀರಲ್ಲ, ಅದರ ಅರ್ಥ ಏನು? ಒಂದ ಸಲ ಘೋಡಾ ಒತ್ತಿದ್ರ ಒಂದ ಗುಂಡ ಹೋಗತೈತಿ. ಮುಂದಿನ ಗುಂಡ ತಾನಾ ಬಂದ ಕೂಡತೈತಿ. ಆ ತಾನಾ ಬರೋದು ಯಾರ ಕೆಲಸ? ಗ್ಯಾಸು ಬೋಲ್ಟನ್ನ ಹಿಂದಕ ತಳ್ಳತೈತಿ, ಖೋಕಾ ಹೊರಗ ಬೀಳತೈತಿ, ಬೋಲ್ಟು ಹೊಳ್ಳಿ ಮುಂದ ಬರೋದರಾಗ ಮ್ಯಾಗಜಿನ್ನಿನ ಸ್ಪ್ರಿಂಗು ಮುಂದಿನ ಗುಂಡನ್ನ ಮ್ಯಾಲ ತಂದ ನಿಲ್ಲಿಸಿರಬೇಕು. ಕಣ್ಣ ಪಿಳಕಿಸೋದರಾಗ. ನಮ್ಮ ಹಿರ್ಯಾರ 303ದಾಗ ಹಂಗ ಅಲ್ಲ, ಕೈಲೆ ಬೋಲ್ಟು ಎಳೀತಿದ್ರು. ಸ್ಪ್ರಿಂಗು ಸುಸ್ತಾಗಿದ್ರೂ ಒಂದೀಟ ತಡದು ಎಳದ್ರ ನಡೀತಿತ್ತು. ಎಸ್‌ಎಲ್‌ಆರ್ ಅಂದ್ರ ತಾನಾ ಗುಂಡ ತುಂಬಿಕೊಳ್ಳೋ ರೈಫಲ್ಲು, ಅದು ತಡಿಯಂಗಿಲ್ಲ. ಅದರ ಚಾಳಿಗೆ ಮ್ಯಾಗಜಿನ್ ಓಡಬೇಕು.

— ನೀವು ಎಸ್‌ಎಲ್‌ಆರ್‌ದಾಗ ಕಲ್ತವರು.

— 84ರಾಗ ಬೆಳಗಾವ್ಯಾಗ. ಈಶಾಪುರದ ಕಾರ್ಖಾನೀದು, 7.62. ಬೆಲ್ಜಿಯಂದವರ ಎಫ್‌ಎಎಲ್ ರೈಫಲ್ಲಿನ ಮನಿತನದ್ದು. 20 ರೌಂಡಿನ ತಗಡಿನ ಮ್ಯಾಗಜಿನ್, ನೆಟ್ಟಗ. ಎಕೆದ್ದು ಯಾಕ ಬಾಗಿರತೈತಿ ಗೊತ್ತೇನು?

— ಚೆಂದ ಕಾಣಲಿ ಅಂತ?

— ಹುಚ್ಚಪ್ಪಾ. ಅದರ ಕಾರ್ತೂಸು ಹಿಂದ ದಪ್ಪ, ಮುಂದ ಸಣ್ಣ, ಗಜ್ಜರಿ ಇದ್ದಂಗ. ಮೂವತ್ತು ಗಜ್ಜರಿ ಒಂದರ ಮ್ಯಾಲ ಒಂದ ಇಟ್ಟ ನೋಡು, ಸಾಲ ಬಾಗೇ ಬಾಗತೈತಿ. ಎಸ್‌ಎಲ್‌ಆರ್ ಕಾರ್ತೂಸು ಹೆಚ್ಚೂ ಕಮ್ಮಿ ಕಬ್ಬಿನ ಗಣಿಕಿ ಹಂಗ ನೆಟ್ಟಗ, ಅದಕ ಡಬ್ಬಿನೂ ನೆಟ್ಟಗ. ಮ್ಯಾಗಜಿನ್ನು ಗುಂಡಿನ ಅಳತಿಗೆ ಹುಟ್ಟತೈತಿ. ನೋಡಾಕ ಒಂದ ನಮೂನಿ ಇದ್ರೂ ಒಂದರದ್ದು ಇನ್ನೊಂದಕ್ಕ ಆಗಂಗಿಲ್ಲ. ಇದೇ ಎಫ್‌ಎಎಲ್ ಮನಿತನದಾಗ ಇಂಗ್ಲೆಂಡಿನವರು ಇಂಚಿನ ಅಳತಿ ಹಿಡದು ಮಾಡಿದ್ರು, ಬ್ಯಾರೆ ಭಾಳ ಮಂದಿ ಮೀಟರಿನ ಅಳತಿ. 1982ರಾಗ ಫಾಕ್‌ಲ್ಯಾಂಡ್ ದ್ವೀಪಕ್ಕ ಇಂಗ್ಲೆಂಡು, ಅರ್ಜೆಂಟೀನಾ ಹೊಡದಾಡಿದ್ರಲ್ಲ, ಎರಡೂ ಕಡೆ ಅದೇ ಜಾತಿ ರೈಫಲ್ಲು. ಇಂಚಿನ ಮ್ಯಾಗಜಿನ್ನಿನ ಮುಂದ ಇರೋ ಕೊಕ್ಕಿ ದೊಡ್ಡದು, ಅದು ಮೀಟರಿನ ರೈಫಲ್ಲಿಗೆ ಕೂಡಂಗೇ ಇಲ್ಲ. ಅಣ್ಣತಮ್ಮರ ಮಕ್ಕಳಾದ್ರೂ ಬೀಗರಲ್ಲ.

— ಹಂಗಾದ್ರ ಮೊದಲ ನೋಡೋದು ನನ್ನ ರೈಫಲ್ಲಿಗೆ ಕೂಡತೈತೋ ಇಲ್ಲೋ ಅಂತ.

— ಕೂಡೋದು ಬ್ಯಾರೆ, ಕೂತು ನಿಲ್ಲೋದು ಬ್ಯಾರೆ. ಎಸ್‌ಎಲ್‌ಆರ್ ಆಗಲಿ ಎಕೆ ಆಗಲಿ, ಮೊದಲ ಮುಂದಿನ ಕೊಕ್ಕಿ ಸಿಗಸಬೇಕು, ಆಮ್ಯಾಲ ಹಿಂದಕ ತಿರುವಬೇಕು, ಖಟ್ ಅನ್ನಬೇಕು. ಈಗ ಬಂದಾವಲ್ಲ ಅಮೆರಿಕಾದ ಸಿಗ್ 716, 2019ರಾಗ 72,400 ತರಿಸಿದ್ದು, ಅವು ಕೆಳಗಿಂದ ನೆಟ್ಟಗ ಒತ್ತೋವು. ಯಾವುದಾದ್ರೂ ಇರಲಿ, ಖಟ್ ಅಂದಮ್ಯಾಲ ಒಮ್ಮೆ ಕೆಳಗ ಜಗ್ಗಿ ನೋಡು. ಬಾವಿ ಹಗ್ಗದ ಗಂಟು ಜಗ್ಗಿ ನೋಡದ ಯಾರಾದ್ರೂ ಕೊಡಾ ಇಳಸ್ತಾರೇನು? ಹಾಕಿದ ಮ್ಯಾಲ ಅತ್ತಿತ್ತ ಅಲಗಾಡಾಕ ಹತ್ತಿದ್ರ ಅದನ್ನ ಬ್ಯಾರೆ ಇಡು.

(ಇಲ್ಲಿ ಮಾಮಾ ನನ್ನ ಬೆಂಕಿಪೊಟ್ಟಣ ತೆಗೆದುಕೊಂಡು ಅದನ್ನೇ ಮ್ಯಾಗಜಿನ್ ಮಾಡಿದರು. ಹೊರಗಿನ ಪೊಟ್ಟಣ ಡಬ್ಬಿ. ಒಳಗಿನ ತಟ್ಟೆಯನ್ನು ತಿರುಗಿಸಿ ಹಾಕಿ ಪ್ಲಾಟ್‌ಫಾರ್ಮು ಅಂದರು. ಸ್ಪ್ರಿಂಗಿಗೆ ಅವರ ತೋರುಬೆರಳು. ಮೇಲಿನ ಅಂಚನ್ನು ಉಗುರಿನಿಂದ ಒಳಕ್ಕೆ ಮಡಿಸಿ 'ತುಟಿ' ಅಂದರು.)

— ನೋಡು, ಇಷ್ಟೇ ಸಾಮಾನು. ಡಬ್ಬಿ, ಸ್ಪ್ರಿಂಗು, ಪ್ಲಾಟ್‌ಫಾರ್ಮು, ಕೆಳಗಿನ ತಟ್ಟಿ, ಈ ಎರಡ ತುಟಿ. ಎಲ್ಲಾ ಜೀವಾ ಇರೋದು ತುಟಿಯಾಗ. ಗುಂಡು ಯಾವ ಕೋನಕ್ಕ ನಿಂತಿರಬೇಕು, ಬೋಲ್ಟು ತಳ್ಳಿದ್ರ ಎಲ್ಲಿ ಬಿಡಬೇಕು, ಎಲ್ಲಾ ಅವೇ ಹೇಳ್ತಾವ. ಎಡಗಡೆ ತುಟಿ ಒಂದು ಕೂದಲೆಳಿ ಅಗಲಾದ್ರ ಗುಂಡು ಮೂಗ ಮ್ಯಾಲ ಮಾಡ್ತೈತಿ, ಇಲ್ಲಾ ಎರಡೆರಡ ಹಾರತಾವ. ಕೂಡಿದ್ರ ಸಿಕ್ಕೊಂಡ ನಿಲ್ತಾವ. ಅದಕ ಮ್ಯಾಗಜಿನ್ ತುಟಿ ಕೆಳಗ ಮಾಡಿ ಕಲ್ಲಿನ ಮ್ಯಾಲ ಬಿತ್ತಂದ್ರ ನಾನು ಅದನ್ನ ಜ್ವರಾ ಬಂದ ಕೂಸಿನಂಗ ನೋಡ್ತಿದ್ದೆ.

— ಬಗ್ಗಿದ್ರ ನಾವು ಪಕ್ಕಡ ಹಿಡದು ನೆಟ್ಟಗ ಮಾಡಬಹುದಲ್ರಿ?

— ನೀ ಮಾಡಬ್ಯಾಡ. ಹತ್ಯಾರ ರಿಪೇರಿ ಮಾಡೋ ಆರ್ಮರರ್ ಕಡೆ ಗೇಜು ಇರತೈತಿ, ಅವನು ನೋಡಲಿ. ಸಿಪಾಯಿ ಬಗ್ಗಿಸಿದ ತುಟಿ ಎರಡ ದಿನಾ ನೆಟ್ಟಗಿರತೈತಿ, ಮೂರನೇ ದಿನಾ ತನ್ನ ಹಳೇ ಬುದ್ಧಿ ತೋರಸತೈತಿ.

— ಮತ್ತ ಸ್ಪ್ರಿಂಗು? ಉಸ್ತಾದ್ರು ಅಂತಿದ್ರು, ಭರ್ತಿ ಮಾಡಿ ಇಡಬ್ಯಾಡ್ರಿ, ಸ್ಪ್ರಿಂಗು ದಣೀತೈತಿ ಅಂತ.

— ನಮ್ಮ ಉಸ್ತಾದನೂ ಅದನ್ನೇ ಅಂದಿದ್ದ. ನಾ ಇಪ್ಪತ್ತ ವರ್ಷ ನಂಬಿದ್ದೆ. ಆಮ್ಯಾಲ ಒಬ್ಬ ಇಂಜಿನಿಯರ್ ಸಾಬ್ ಹೇಳಿದ್ರು: ಒಳ್ಳೆ ಉಕ್ಕಿನ ಸ್ಪ್ರಿಂಗು ಅದರ ಮಿತಿಯೊಳಗ ಒತ್ತಿ ಇಟ್ರ ಅಷ್ಟೇನೂ ದಣಿಯಂಗಿಲ್ಲ, ಒತ್ತೋದು ಬಿಡೋದು, ಒತ್ತೋದು ಬಿಡೋದು, ಅದರಿಂದ ದಣಿಯೋದು ಅಂತ. ಆದ್ರ ಪ್ಲಾಸ್ಟಿಕ್ ತುಟಿ ಇದ್ರ ಮಾತು ಬ್ಯಾರೆ. ದಿನಗಟ್ಲೆ ಕೆಳಗಿಂದ ಒತ್ತೇ ಒತ್ತಿದ್ರ ಪ್ಲಾಸ್ಟಿಕ್ಕು ನಿಧಾನ ಬಿರಿಯತೈತಿ.

— ಅದಕ ಏನೋ ಮುಚ್ಚಳಾ ಮಾಡ್ಯಾರ್ರಿ ಅಮೆರಿಕಾದಾಗ. ಮ್ಯಾಗ್‌ಪುಲ್ ಅಂತ ಒಂದು ಕಂಪನಿ, ಅವರ ಪ್ಲಾಸ್ಟಿಕ್ ಮ್ಯಾಗಜಿನ್ನಿಗೆ ಮ್ಯಾಲ ಒಂದು ಮುಚ್ಚಳಾ ಬರತೈತಿ. ಹಾಕಿದ್ರ ಗುಂಡನ್ನ ಕೆಳಗ ಒತ್ತಿ ತುಟಿ ಮ್ಯಾಲಿನ ಭಾರಾ ಇಳಸತೈತಿ. ಧೂಳಾನೂ ಹೋಗಂಗಿಲ್ಲ.

— ಶಾಣ್ಯಾ ಕೆಲಸ. ನೋಡು, ಅದನ್ನ ಮಾಡಿದಾಂವ ತಂದೇ ಮ್ಯಾಗಜಿನ್ನು ಕೆಡತೈತಿ ಅಂತ ಒಪ್ಪಿಕೊಂಡು ಮಾಡ್ಯಾನ. ಅಂಥಾವರ ಮಾಲು ನಾ ನಂಬ್ತೇನಿ. 'ಇದು ಕೆಡೋದೇ ಇಲ್ಲ' ಅನ್ನಾಂವನ ಕಡೆ ನೀರ ಪಂಪೂ ತಗೋಬಾರದು.

— ವಿಯೆಟ್ನಾಂದಾಗ ಅವರು 20ರ ಮ್ಯಾಗಜಿನ್ನಿಗೆ 18 ಹಾಕ್ತಿದ್ರಂತ.

— ನಾವೂ ಒಂದೆರಡ ಕಮ್ಮಿ ಹಾಕ್ತಿದ್ವಿ. ಗಾಣಕ್ಕ ಕಬ್ಬ ಕೊಡೋರು ಹೆಂಗ ಕೊಡ್ತಾರ? ಒಮ್ಮೆ ಕಟ್ಟ ಕಟ್ಟೇ ತುರಕಿದ್ರ ಗಾಣಾ ನಿಲ್ಲತೈತಿ. ತುಂಬ ತುರಕಿದ ಮ್ಯಾಗಜಿನ್ನಿನಾಗ ಮೊದಲನೇ ಗುಂಡು ತುಟಿಗೆ ಒತ್ತಿ ಹಿಡದಿರತೈತಿ, ಬೋಲ್ಟಿಗೆ ಅದನ್ನ ಕಿತ್ತೊಯ್ಯಾಕ ಜಡ್ಡಾಗತೈತಿ. ಇದು ಬರಕೋ, ಅಥವಾ ತಲ್ಯಾಗ ಇಟ್ಕೋ. ಮೊದಲನೇ ಎರಡನೇ ಗುಂಡಿಗೆ ರೋಕ್ ಬಿದ್ರ, ಅಂದ್ರ ರೈಫಲ್ಲು ನಿಂತ್ರ, ಹೆಚ್ಚ ತುಂಬೀದಿ. ಕಡೇ ಮೂರ ಗುಂಡಿಗೆ ಬಿದ್ರ ಸ್ಪ್ರಿಂಗು ಸುಸ್ತು, ಇಲ್ಲಾ ಡಬ್ಬಿ ಒಳಗ ಮಣ್ಣು. ನಡುವ ಹೊತ್ತಲ್ಲದ ಹೊತ್ತಿನಾಗ ಬಿದ್ರ ತುಟಿ ನೋಡು, ಡಬ್ಬಿಯ ಮಗ್ಗಲಿಗೆ ಚೆಪ್ಪಟಾಗೇತೇನು ಬೆರಳಾಡಿಸಿ ನೋಡು. ಪ್ಲಾಟ್‌ಫಾರ್ಮು ಒಳಗ ಹೋಗಿ ಬರೋವಾಗ ಒಂದ ಜಾಗಾದಾಗ ತಡೀತೈತಿ, ಅಲ್ಲೇ ಗುಂಡು ತಲಿ ತಗ್ಗಿಸತೈತಿ.

— ಅಮೆರಿಕಾದವರೂ ಅದಕ್ಕ ಪ್ಲಾಟ್‌ಫಾರ್ಮಿನ ಆಕಾರಾ ಬದಲ ಮಾಡಿದ್ರಂತ, 2009ರ ಸುಮಾರ. ಮುಂದ ಹಿಂದ ವಾಲಬಾರದು ಅಂತ. ಬಣ್ಣಾನೂ ಬದಲ ಮಾಡಿದ್ರು, ಹೊಸಾದು ಯಾವುದು ಅಂತ ನೋಡಿದ ಕೂಡಲೇ ತಿಳೀಲಿ ಅಂತ.

— ಹಾಂ. ಬಣ್ಣಾ. ಆ ಮಾತಿಗೆ ಆಮ್ಯಾಲ ಬರ್ತೇನಿ. ಆದ್ರ ಎಲ್ಲಾ ಪಾಪಾ ಮ್ಯಾಗಜಿನ್ನಿನ ತಲೀಗೇ ಕಟ್ಟಬ್ಯಾಡ. ಎಸ್‌ಎಲ್‌ಆರ್‌ದಾಗ ಗ್ಯಾಸ್ ರೆಗ್ಯುಲೇಟರ್ ಇರತೈತಿ. ಗ್ಯಾಸು ಕಮ್ಮಿ ಬಿಟ್ರ ಬೋಲ್ಟು ಪೂರ್ತಿ ಹಿಂದ ಹೋಗಂಗೇ ಇಲ್ಲ. ಅರ್ಧಾ ದಾರ್‍ಯಾಗಿಂದ ಹೊಳ್ಳಿ ಬರತೈತಿ, ಗುಂಡು ತಗೊಳ್ಳಂಗಿಲ್ಲ. ನೋಡಾಂವಗ ಮ್ಯಾಗಜಿನ್ನು ಗುಂಡು ಕೊಡಲಿಲ್ಲ ಅಂತ ಕಾಣತೈತಿ. ಹೆಂಗ ಕಂಡ ಹಿಡೀತಿ?

— ಬ್ಯಾರೆ ಮ್ಯಾಗಜಿನ್ ಹಾಕಿ ನೋಡ್ತೇನಿ. ಅದರಾಗೂ ಹಂಗೇ ಆದ್ರ ರೈಫಲ್ಲಿಂದು.

— ಶಭಾಷ್. ನಿನ್ನ ಮ್ಯಾಗಜಿನ್ನು ಗೆಳ್ಯಾನ ರೈಫಲ್ಲಿಗೆ ಹಾಕಿದ್ರೂ ಅದೇ ರೋಕ್ ಬಿತ್ತಂದ್ರ ಮ್ಯಾಗಜಿನ್ನಿಂದು. ಆದ್ರ ಇದು ಸಾಧ್ಯ ಆಗೋದು ಯಾವಾಗ? ಇದು ಯಾವ ಮ್ಯಾಗಜಿನ್ನು ಅಂತ ನಿನಗ ಗೊತ್ತಿದ್ರ. ಐದೂ ಒಂದ ನಮೂನಿ ಕರ್ರಗ ಕಾಣತಾವ. ಫೈರಿಂಗಿನ ಗದ್ದಲದಾಗ ಎಲ್ಲಾ ಕೂಡಿ ಹೋಗತಾವ. ಸಂಜೀಕ 'ಒಂದು ಕೆಟ್ಟೈತಿ' ಅಂತಿ, ಯಾವ ಒಂದು ಅಂತ ಹೇಳಾಕ ಬರಂಗಿಲ್ಲ.

(ಹೊರಗೆ ಉಗಾರದ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರು ಎರಡು ಟ್ರೈಲರು ಎಳೆಯುತ್ತ ಹೋಯಿತು. ಹಾಡಿನ ಅಬ್ಬರಕ್ಕೆ ಮಾತು ನಿಂತಿತು. ಅದು ಹೋದ ಮೇಲೆ ನಮ್ಮ ಓಣಿಯ ದೊಡ್ಡ ಒಕ್ಕಲಿಗರೊಬ್ಬರು ಬಂದು ಕಟ್ಟೆಯ ಮೇಲೆ ಕೂತರು. ಅವರ ಹನ್ನೆರಡು ಬೋರಿನ ಬಂದೂಕು ಪ್ರತಿ ಚುನಾವಣೆಗೆ ಪೊಲೀಸ್ ಠಾಣೆಗೆ ಹೋಗಿ ಬರುತ್ತದೆ. ಮಾತು ರೈಫಲ್ಲಿನದು ಎಂದು ಗೊತ್ತಾದದ್ದೇ ತಡ, ಹಂದಿಯ ಕಾಟಕ್ಕೆ ತಮಗೂ ಒಂದು 'ಆಟೋಮ್ಯಾಟಿಕ್ ಪೈಕಿ' ಕೊಡಿಸಿರಿ ಅಂದರು.)

— ಕಾಕಾ, ಅದನ್ನ ಕೇಳಾಕ ಹೋದ್ರ ಇರೋ ಲೈಸೆನ್ಸೂ ಹೋದೀತು! ಸೈನ್ಯದ 7.62 ಗುಂಡು ಹಾರಿಸೋ ರೈಫಲ್ಲು ನಿಮಗ ನನಗ ನಿಷಿದ್ಧ. 59ರ ಶಸ್ತ್ರ ಕಾಯ್ದೆ ಇದ್ದೇ ಐತಿ, 2016ರ ನಿಯಮದಾಗ ಯಾವ ವರ್ಗದ್ದು ಯಾರಿಗೆ ಅಂತ ಪಟ್ಟೀನೇ ಐತಿ. ಮೊದಲ ಒಬ್ಬರ ಹೆಸರಿಗೆ ಮೂರು ಬಂದೂಕ ಇಟ್ಕೊಳ್ಳಾಕ ಬರ್ತಿತ್ತು, 2019ರಾಗ ಎರಡಕ್ಕ ಇಳಿಸ್ಯಾರ. ನಿಮ್ಮ ಹನ್ನೆರಡು ಬೋರಿಗೆ ಮ್ಯಾಗಜಿನ್ನಿನ ಹಂಗೇ ಇಲ್ಲ. ಕೈಯೇ ಮ್ಯಾಗಜಿನ್ನು. ಅದಕಿಂತ ಖಾತ್ರಿ ಯಾವುದೂ ಇಲ್ಲ, ರಾತ್ರಿ ತೀರ್ಥ ತಗೊಂಡಿರಬಾರದು ಅಷ್ಟೇ.

(ಕಾಕಾ ಬೈದುಕೊಳ್ಳುತ್ತ, ನಗುತ್ತ ಚಹಾ ಕುಡಿದು ಹೋದರು.)

— ಮಾಮಾ, ಇನ್ಸಾಸ್ ರೈಫಲ್ಲು ಹೆಂಗಿತ್ರಿ? ಕಾರ್ಗಿಲ್‌ದಾಗ ಮ್ಯಾಗಜಿನ್ನು ಒಡದುವು ಅಂತಾರಲ್ಲ.

— 99ರಾಗ ಅದು ಇನ್ನೂ ಹೊಸಾದು. 5.56, 20 ರೌಂಡಿನ ಪ್ಲಾಸ್ಟಿಕ್ ಮ್ಯಾಗಜಿನ್ನು, ಒಳಗ ಎಷ್ಟ ಉಳದಾವ ಅಂತ ಹೊರಗಿಂದಾನ ಕಾಣತೈತಿ. ಆ ಎತ್ತರದ ಥಂಡೀಗೆ ಮ್ಯಾಗಜಿನ್ನು ಸೀಳಿದುವು, ರೈಫಲ್ಲೂ ತಡದುವು ಅಂತ ದೂರು ಬಂದದ್ದು ಪೇಪರಿನಾಗೆಲ್ಲಾ ಬಂತು. ಆಮ್ಯಾಲ ಸುಧಾರಣಾನೂ ಆತು. ನಾ ಅಲ್ಲಿ ಇರಲಿಲ್ಲ, ನೋಡಿದವರಂಗ ಹೇಳಾಕ ಹೋಗಂಗಿಲ್ಲ. ಆದ್ರ ಒಂದು ತಿಳಕೋ: ಮೂವತ್ತ ಡಿಗ್ರಿ ಬಿಸಲಾಗ ಪಾಸಾದ ಪ್ಲಾಸ್ಟಿಕ್ಕು ಹಿಮದಾಗ ಪಾಸಾಗತೈತಿ ಅಂತ ಹೇಳಾಕ ಬರಂಗಿಲ್ಲ. ನಿಪ್ಪಾಣಿ ತಂಬಾಕದ ವ್ಯಾಪಾರಿನ್ನ ಕೇಳು. ಒಂದೇ ಮಾಲು ಇಬ್ಬನಿ ಬಿದ್ದಾಗ ಒಂದ ಹದಾ, ಒಣಾ ಗಾಳಿಗೆ ಇನ್ನೊಂದ ಹದಾ. ಮಾಲು ಚಲೋ ಐತೋ ಇಲ್ಲೋ ಅನ್ನೋದಕಿಂತ ಎಲ್ಲಿ, ಯಾವ ಹವಾದಾಗ ಅಂತ ಕೇಳಬೇಕು.

— ತಗಡಿಂದಾದ್ರ ಆ ಚಿಂತಿ ಇಲ್ಲಲ್ರಿ.

— ಇಲ್ಲ, ಬ್ಯಾರೆ ಚಿಂತಿ ಐತಿ. ತುಕ್ಕು. ಭಾರ. ಪ್ಲಾಸ್ಟಿಕ್ಕು ಪೆಟ್ಟ ಬಿದ್ರ ಒಂದು ಸೀಳತೈತಿ, ಇಲ್ಲಾ ಹೊಳ್ಳಿ ಮೊದಲಿನಂಗ ಆಗತೈತಿ. ಸೀಳಿದ್ದು ಕಣ್ಣಿಗೆ ಕಾಣತೈತಿ. ತಗಡು ಕಳ್ಳ. ಒಳಗ ತಗ್ಗ ಬಿದ್ದು ಮ್ಯಾಲ ಬಣ್ಣಾ ಬಳಕೊಂಡ ಕೂಡತೈತಿ.

— ಒಳಗ ಕಾಣಬೇಕು ಅಂತ ಫ್ರಾನ್ಸಿನವರು ಮೊದಲನೇ ಮಹಾಯುದ್ಧದಾಗ ಒಂದು ಮಷೀನ್ ಗನ್ ಮಾಡಿದ್ರಂತ್ರಿ, ಶೋಶಾ ಅಂತ. ಮ್ಯಾಗಜಿನ್ನಿನ ಒಂದ ಮಗ್ಗಲು ತೆರದಾ ಬಿಟ್ಟಿದ್ರು. ಗುಂಡ ಎಣಸಾಕ ಬರ್ತಿತ್ತು ಖರೆ, ಖಂದಕದ ರಾಡಿ ಎಲ್ಲಾ ಒಳಗ.

— ಕಿಡಕಿ ಇಟ್ಟ ಮ್ಯಾಲ ಧೂಳಾ ಬಂತು ಅಂತ ಅಳಬಾರದು. ಧೂಳಾ ಅಂದ್ಯಲ್ಲ, ನಮ್ಮ ಹುಡುಗರ ದೊಡ್ಡ ತಪ್ಪು ಇದು: ಮ್ಯಾಗಜಿನ್ನಿನ ಒಳಗ ಎಣ್ಣಿ ಬಿಡೋದು. ಅಥಣಿ ಕಡೆ ಎರಿ ಹೊಲದ ಬ್ಯಾಸಗಿ ಧೂಳಾ ನೋಡಿಯಲ್ಲ? ಎಣ್ಣಿ ಹಚ್ಚಿದ ಜಾಗಾಕ ಅದು ಬಂದು ಹಿಟ್ಟ ನಾದಿದಂಗ ಆಗತೈತಿ. ಒಣಾ ಚಿಂದಿಲೆ ಒರಸು. ತುಕ್ಕಿನ ಅಂಜಿಕಿ ಇದ್ರ ಎಣ್ಣಿ ಹಚ್ಚಿ ಮತ್ತ ಒಣಾ ಚಿಂದಿಲೆ ತಗದು ಬಿಡು, ಮಿಂಚಬಾರದು. ಎಣ್ಣಿ ಗುಂಡಿನ ಟೋಪಿಯೊಳಗ ಇಳದ್ರ ಮದ್ದೂ ಕೆಡಬಹುದು. ರೈಫಲ್ಲಿಗೆ ಎಣ್ಣಿ ತಾಯಿ ಹಾಲು, ಮ್ಯಾಗಜಿನ್ನಿಗೆ ಅಲ್ಲ.

— ಹಂಗಾದ್ರ ಒಂದು ಕೇಳ್ತೇನಿ. ಈಗ ಎಕೆ-203 ಅಂತ ಅಮೇಠಿಯ ಕೊರ್ವಾದಾಗ ಆರ ಲಕ್ಷಕ್ಕಿಂತ ಹೆಚ್ಚು ಮಾಡಾಕ 2021ರಾಗ ಕರಾರಾತು. ಹೊಸಾ ರೈಫಲ್ಲು, ಹೊಸಾ ಮ್ಯಾಗಜಿನ್ನು ಬಂದ್ರ ಈ ತಕರಾರ ಎಲ್ಲಾ ಮುಗೀತಲ್ರಿ?

— ಹೊಸಾದು ಒಂದ ವರ್ಷ ಹೊಸಾದು. (ಮಾಮಾ ಬೆಂಕಿಪೊಟ್ಟಣ ಕೆಳಗಿಟ್ಟರು.) ನಿನಗ ನಾಕನೇ ನಂಬರಿನ ಸುದ್ದಿ ಹೇಳೇನೇನು?

— ಇಲ್ರಿ.

— ಯಾರಿಗೂ ಹೇಳಿಲ್ಲ. 87ರಾಗ, ಯಾವ ಜಾಗಾ ಅಂತ ಕೇಳಬ್ಯಾಡ, ನಾ ಹೇಳಂಗಿಲ್ಲ. ನಾಳಿ ನೀನೂ ಹೇಳಬ್ಯಾಡ. ವರ್ಷದ ಫೈರಿಂಗಿನಾಗ ನನ್ನ ಒಂದು ಮ್ಯಾಗಜಿನ್ನು ಆರನೇ ಗುಂಡಿಗೆ ನಿಂತಿತು. ತಗದು ಮತ್ತ ಹಾಕಿದೆ, ಮತ್ತ ನಿಂತಿತು. ನನ್ನ ಪಾಳಿ ಕೆಟ್ಟು ಹೋತು, ಉಸ್ತಾದ ತಾಯಿ ತಂದಿ ನೆನಪ ಮಾಡಿದ. ಸಂಜೀಕ ಬೆರಳಾಡಿಸಿ ನೋಡಿದ್ರ ಬಲಗಡೆ ಒಂದು ತಗ್ಗು, ಹುಣಸಿ ಬೀಜದಷ್ಟು. ಹಿಂದ ಯಾರೋ ಮೊಳಿಲೆ ಗೀರಿ 4 ಅಂತ ಬರದಿದ್ರು. ಕೋತಿಗೆ ಹೋಗಿ ಕೆಟ್ಟೈತಿ ಅಂದೆ. ಅಂವ ಬದಲ ಕೊಟ್ಟ. ನಾಕನೇ ನಂಬರು ಕಟ್ಟಿಗಿ ರ್‍ಯಾಕಿನ ಕಡೇ ಖಾನ್ಯಾಗ ಇಟ್ಟ.

— ಕಂಡಮ್ ಮಾಡಲಿಲ್ಲೇನ್ರಿ?

— ಕಂಡಮ್ ಮಾಡಬೇಕಂದ್ರ ಕಾಗದ ಬರೀಬೇಕು, ಆರ್ಮರರ್ ಬರಬೇಕು, ಬೋರ್ಡ್ ಕೂಡಬೇಕು, ಬದಲಿ ಬರೋತನಾ ಲೆಕ್ಕದಾಗ ಒಂದು ಕಮ್ಮಿ. ಕೋತಿನಾಂವಗ ಬೇಕಾಗಿದ್ದು ಎಣಿಕಿ. ನೀ ಒಂದು ಚಲೋ ಮ್ಯಾಗಜಿನ್ನು ಕಳಕೊಂಡ ಬಾ, ಚೌಕಶಿ ಕೂಡತೈತಿ, ಊಟಾ ನಿದ್ದಿ ಹರಾಮ. ಕೆಟ್ಟ ಮ್ಯಾಗಜಿನ್ನು ಎಣಿಸಿ ಕೊಟ್ರ ಯಾರೂ ಕೇಳಂಗಿಲ್ಲ. ಅಮೆರಿಕಾದವರು ಮೊದಲ ಅಲ್ಯುಮಿನಿಯಂ ಮ್ಯಾಗಜಿನ್ನು ಮಾಡಿದಾಗ ಒಂದ ಸಲ ಬಳಸಿ ಎಸೀಲಿ ಅಂತ ಹಗುರ ಮಾಡಿದ್ರಂತಲ್ಲ, ಸಿಪಾಯಿಗೋಳು ಎಸೀಲಿಲ್ಲ, ಇಟ್ಕೊಂಡು ಇಟ್ಕೊಂಡು ತುಟಿ ಬಿರಿಯೋತನಾ ಬಳಸಿದ್ರು. ಅವರ ದೇಶದಾಗ ಹಂಗಂದ್ರ ನಮ್ಮದ ಕೇಳಬೇಕೇನು? ನಮ್ಮ ಮನ್ಯಾಗ ಎಣ್ಣಿ ಡಬ್ಬಿ ಎಸ್ಯಾಕ ನಿಮ್ಮವ್ವ ಬಿಡ್ತಾಳೇನು?

(ಅಡುಗೆಮನೆ ಸುಮ್ಮನಿತ್ತು. ಅಲ್ಲಿಯೂ ಕೇಳುತ್ತಿದ್ದರು.)

— ಏಳೆಂಟ ತಿಂಗಳ ಆಗಿರಬೇಕು. ರಾತ್ರಿ ಗಸ್ತಿ. ನನ್ನ ಮುಂದ ಕಾಗವಾಡ ಕಡೇ ಗೆಳ್ಯಾ. ಏಕದಮ್ ಎದರಿಗಿಂದ ಫೈರ್ ಬಂತು. ಎಲ್ಲಾರೂ ಮಲಗಿದ್ವಿ. ಅವನ ರೈಫಲ್ಲು ಐದಾರು ಹೊಡೀತು, ನಿಂತಿತು. ಕತ್ತಲ್ಯಾಗ ಅಂವ ಜಗ್ಗಿದ ಸಪ್ಪಳಾ ಕೇಳಿತು, ಮತ್ತ ಖಟ್, ಮತ್ತ ಏನೂ ಇಲ್ಲ. ಅಂವ ಶಾಣ್ಯಾ, ಕಿತ್ತ ಒಗದು ಎರಡನೇದು ಹಾಕಿದ. ಎಷ್ಟ ಹೊತ್ತು ಆತೋ ಯಾರಿಗ್ಗೊತ್ತು, ನಾಕ ಸೆಕೆಂಡು, ಐದ ಸೆಕೆಂಡು. ಯಾರಿಗೂ ಏನೂ ಆಗಲಿಲ್ಲ, ಎದರಿಗಿನವರು ಓಡಿದ್ರು. ಬೆಳಕ ಹರದ ಮ್ಯಾಲ ಒಗದಿದ್ದ ಮ್ಯಾಗಜಿನ್ನು ಹುಡುಕಾಕ ಎಲ್ಲಾರೂ ಹುಲ್ಲಾಗ ಕೂತ್ವಿ, ಎಣಿಕಿ ಆಗಬೇಕಲ್ಲ. ಅದು ಸಿಕ್ಕದ್ದು ನನ್ನ ಕೈಗೆ.

— ನಾಕನೇ ನಂಬರು.

— ಬೆರಳಿಗೆ ತಗ್ಗು ಹತ್ತಿದ ಕೂಡಲೇ ತಿಳೀತು. ನೋಡೋದೇನೂ ಬೇಕಾಗಿರಲಿಲ್ಲ.

(ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.)

— ಅವರಿಗೆ ಹೇಳಿದ್ರೇನು?

— ಏನಂತ ಹೇಳ್ಲಿ? ನನಗ ಗೊತ್ತಿತ್ತು, ನಾ ಬದಲ ತಗೊಂಡೆ, ನಿನಗ ಹೋತು ಅಂತೇನು? ಈಗ ಉಗಾರದಾಗ ಅದಾನ, ಮಮ್ಮಕ್ಕಳನ್ನ ಆಡಸ್ಕೋತ. ಲಗ್ನ ಮುಂಜಿವಿಗೆ ಸಿಗ್ತಾನ. ಅವನಾ ಆ ಸುದ್ದಿ ತಗದು ನಗ್ತಾನ, 'ನನ್ನ ಮ್ಯಾಗಜಿನ್ನು ಉಪಾಸ ಮಾಡಿತ್ತು ಅವತ್ತು' ಅಂತ. ನಾ ತಾಟಿನಾಗಿನ ಬುಂದಿ ನೋಡ್ಕೋತ ಕೂಡ್ತೇನಿ.

— ಆಮ್ಯಾಲ ನೀವು ಕೋತಿಗೆ ಹೋದ್ರಲ್ಲ.

— ಹತ್ತ ವರ್ಷದ ಮ್ಯಾಲ ಕೋತ್ ಎನ್‌ಸಿಓ ಆದೆ. ಮೊದಲನೇ ವಾರಾ ರೈಫಲ್ಲು ಮುಟ್ಟಲಿಲ್ಲ. ಮ್ಯಾಗಜಿನ್ನು ಒಂದೊಂದ ಬಿಚ್ಚಿ ಬೆರಳಾಡಿಸಿದೆ. ಡಮ್ಮಿ ರೌಂಡು ತುಂಬಿ ಹೆಬ್ಬಟ್ಟಲೆ ಒತ್ತಿ ಒತ್ತಿ ಬಿಟ್ಟೆ, ಮ್ಯಾಲ ಬರೋವಾಗ ಎಲ್ಲಿ ತಡೀತೈತಿ ಅಂತ. ತಡದದ್ದಕ್ಕೆಲ್ಲಾ ಕೆಳಗಿನ ತಟ್ಟಿ ಮ್ಯಾಲ ಕೆಂಪ ಬಣ್ಣಾ ಬಳದೆ. ಲೆಕ್ಕಾ ಕೆಡಸಿದಿ ಅಂತ ಸುಬೇದಾರ್ ಸಾಬ್ ಮಾರಿ ಸಣ್ಣ ಮಾಡಿದ್ರು. ಕೆಂಪ ಬಣ್ಣಾ ಅಂದ್ರ ಕೋತಿನಾಂವನೂ ಯಾರಿಗೂ ಕೊಡಾಕ ಬರಂಗಿಲ್ಲ, ತಗೊಳ್ಳಾಂವನೂ ತಗೊಳ್ಳಂಗಿಲ್ಲ. ಕಾಗದ ತಾನಾ ಓಡಾಕ ಹತ್ತಿತು. ಇದನ್ನ ನಿನಗ ಹೇಳಬೇಕಾಗಿತ್ತು ನೋಡು. ಕೆಟ್ಟದ್ದನ್ನ ಬದಲ ತಗೊಂಡು ಸುಮ್ಮನ ಬರಬ್ಯಾಡ. ನಿನ್ನ ಪೌಚಿನಿಂದ ಹೋತು ಅಂದ್ರ ಹೋತು ಅಂತ ಅಲ್ಲ, ಅದು ಅಲ್ಲೇ ಇರತೈತಿ. ಗುರುತ ಹಾಕು, ಹೆಸರ ಹೇಳಿ ಕಾಗದದಾಗ ಬರಸು. ಬೈದ್ರ ಬೈಯಲಿ.

— ನನ್ನ ಚಲೋ ಇದ್ದವಕ್ಕೂ ಗುರುತ ಹಾಕಬೇಕಲ್ರಿ?

— ಒಂದ, ಎರಡ, ಮೂರ ಚುಕ್ಕಿ. ಹೊಳಿಯಬಾರದು, ಅಂಗೈಯಷ್ಟ ದೊಡ್ಡದಿರಬಾರದು, ಮೊದಲ ಉಸ್ತಾದನ್ನ ಕೇಳು. ಪ್ರತಿ ಫೈರಿಂಗ್ ಆದಮ್ಯಾಲ ಒಂದ ಸಾಲ ಬರದಿಡು: ಯಾವ ಚುಕ್ಕಿ, ಎಷ್ಟ ಗುಂಡು, ಎಲ್ಲಿ ನಿಂತಿತು. ಸರಕಾರ ಗುಂಡು ಎಣಿಸಿ ಕೊಡತೈತಿ, ಅಮೆರಿಕಾದವರಂಗ ಚೀಲಗಟ್ಲೆ ಸುಡಾಕ ಆಗಂಗಿಲ್ಲ. ಅದಕ ಹಾರಿಸಿದ ಒಂದೊಂದು ಗುಂಡೂ ಪರೀಕ್ಷಾ ಅಂತ ತಿಳಕೋ. ಒಂದ ವರ್ಷದಾಗ ನಿನ್ನ ಕೈಗೇ ಗೊತ್ತಾಗತೈತಿ, ಮೊದಲ ಯಾವುದು ಹಾಕಬೇಕು ಅಂತ.

— ಬಣ್ಣಾ ಎಲ್ಲಿಂದ ತರ್ಲಿ ಅಲ್ಲಿ?

— ಉಗರಿಗೆ ಹಚ್ಚೋ ಬಣ್ಣಾ ಸಾಕು. ಸಣ್ಣ ಬಾಟ್ಲಿ, ಒಳಗ ಕುಂಚಾ ಇರತೈತಿ, ಲಗೂನ ಒಣಗತೈತಿ. ಮೀರಜ ಸ್ಟೇಷನ್ ಹೊರಗ ಸಿಗತೈತಿ ತಗೋ.

(ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಜೋಳದ ರೊಟ್ಟಿ, ಎಣಗಾಯಿ, ಮಗ ಹೊರಡುವವನೆಂದು ಹೋಳಿಗೆ. ನನ್ನ ಹೆಂಡತಿ ಅಣ್ಣನ ತಾಟಿಗೆ ಕೇಳದೆಯೇ ಎರಡನೆಯ ಸಲ ತುಪ್ಪ ಹಾಕಿದಳು. ಉಗಾರದ ಗೆಳೆಯನ ಮಾತು ಮತ್ತೆ ಯಾರೂ ಎತ್ತಲಿಲ್ಲ.)

ಬೆಳಿಗ್ಗೆ ಅವನನ್ನು ಗಾಡಿ ಹತ್ತಿಸಿ ಮನೆಗೆ ಬಂದಾಗ ಮಗಳು ಕಪಾಟಿನ ಸಾಮಾನು ಕೆಳಗೆ ಸುರುವಿಕೊಂಡು ಕೂತಿದ್ದಳು. ಜಾತ್ರೆಯಲ್ಲಿ ಕೊಂಡ ಕೆಂಪು ಬಣ್ಣದ ಬಾಟಲಿ ಕಾಣುತ್ತಿರಲಿಲ್ಲ, ಬಿಳಿಯದೂ ಇರಲಿಲ್ಲ. ಅಣ್ಣನಿಗೆ ಫೋನು ಹಚ್ಚಿದಳು. ಗಾಡಿ ಕುಡಚಿ ಸೇತುವೆಯ ಮೇಲಿತ್ತೋ ಏನೋ, ಬರೀ ಗಡಗಡ ಸದ್ದು ಕೇಳಿ ಕಟ್ಟಾಯಿತು.